ಪ್ರಾಜೆಕ್ಟ್ ಕೆಲಸಕ್ಕೊಂದು ಸುತ್ತಿನ ಪದ್ಧತಿ

ಪದವಿ ತರಗತಿಗಳಲ್ಲಿ ಈಗ ಪಾಠಪ್ರವಚನಗಳೊಡನೆ ಪ್ರಾಜೆಕ್ಟ್ ಕೆಲಸವೂ ಸೇರಿದೆ. ನಾಲ್ಕೈದು ಮಂದಿ ಕೂಡಿ ಒಂದು ವಿಷಯವನ್ನು ಶೋಧಿಸಿ ವರದಿ ಒಪ್ಪಿಸುವುದು ಅದರ ಕ್ರಮ. ಆದರೆ ಬಹುಸಾರಿ ಆಗುವುದೇನು? ತಿಂಗಳುಗಳು ಮಾತಿನಲ್ಲಿ ಕಳೆದು, ಕೊನೆಯ ವಾರದಲ್ಲಿ ಒಬ್ಬನೇ ಬರೆದದ್ದು ಐವರ ಹೆಸರಿನಲ್ಲಿ ಸಲ್ಲುತ್ತದೆ. ಇದಕ್ಕೆ ಪರಿಹಾರವುಂಟೇ ಎಂಬುದನ್ನು ಇಲ್ಲಿ ವಿಚಾರಿಸೋಣ.

ಗಣಕಯಂತ್ರದ ತಂತ್ರಾಂಶ ರಚಿಸುವವರಿಗೂ ಇಂಥದೇ ತೊಡಕಿತ್ತು. ಬಹುಕಾಲ ದುಡಿದು ಕೊನೆಗೆ ತೋರಿಸಿದ ವಸ್ತು ಬಳಸುವವರಿಗೆ ಒಗ್ಗುತ್ತಿರಲಿಲ್ಲ. 2001ರಲ್ಲಿ ಅಮೆರಿಕದ ಯೂಟಾ ರಾಜ್ಯದಲ್ಲಿ 17 ಜನ ತಜ್ಞರು ಕಲೆತು ‘ಅಜೈಲ್’ ಎಂಬ ಕಾರ್ಯಪದ್ಧತಿಯ ತತ್ತ್ವಗಳನ್ನು ಸಾರಿದರು. ಅದರ ಒಂದು ಬಗೆಯಾದ ‘ಸ್ಕ್ರಮ್’ನಲ್ಲಿ ಕೆಲಸವನ್ನು ತಿಂಗಳಿಗೆ ಮೀರದ ಸುತ್ತುಗಳಾಗಿ ಒಡೆಯುತ್ತಾರೆ. ಪ್ರತಿ ಸುತ್ತಿನಲ್ಲೂ ಯೋಜಿಸುವುದು, ಮಾಡುವುದು, ಸಂಬಂಧಪಟ್ಟವರಿಗೆ ತೋರಿಸುವುದು, ತಿದ್ದಿಕೊಳ್ಳುವುದು ಎಂಬ ನಾಲ್ಕು ಹೆಜ್ಜೆಗಳಿವೆ. ನೆದರ್ಲೆಂಡ್ಸಿನಲ್ಲಿ ಇದೇ ಪದ್ಧತಿ ‘ಎಡುಸ್ಕ್ರಮ್’ ಎಂಬ ಹೆಸರಿನಿಂದ ಶಾಲೆಗಳನ್ನೂ ಹೊಕ್ಕಿದೆ.

ನಮ್ಮ ಸೀಮೆಗೆ ಇದು ತೀರ ಹೊಸತಲ್ಲ. ಬಿತ್ತಿದ ರೈತ ಸುಗ್ಗಿಗೇ ಹೊಲಕ್ಕೆ ಹೋಗುವುದಿಲ್ಲ. ನಡುನಡುವೆ ಎಡೆ ಹೊಡೆಯುತ್ತಾನೆ, ಕಳೆ ತೆಗೆಯುತ್ತಾನೆ. ಹುಲಕೋಟಿಯಲ್ಲಿರುವಂಥ ಕೃಷಿ ವಿಜ್ಞಾನ ಕೇಂದ್ರಗಳ ಕೆಲಸವೂ ಹೊಸ ಕ್ರಮಗಳನ್ನು ರೈತನ ಹೊಲದಲ್ಲೇ ಪರೀಕ್ಷಿಸಿ ನೋಡುವುದಾಗಿದೆ.

ಒಂದು ಉದಾಹರಣೆ. ಹುಲಕೋಟಿಯ ಕೃಷಿಹೊಂಡಗಳ ಮೇಲೆ ಎಂಟು ವಾರದ ಪ್ರಾಜೆಕ್ಟ್ ಇದೆಯೆನ್ನೋಣ. ಅದನ್ನು ಎರಡೆರಡು ವಾರದ ನಾಲ್ಕು ಸುತ್ತು ಮಾಡಬೇಕು. ಮೊದಲ ಸುತ್ತಿನಲ್ಲಿ ಐದೇ ಮನೆಗಳನ್ನು ವಿಚಾರಿಸಿ, ಬರೆದದ್ದನ್ನು ಆ ರೈತರ ಮುಂದೆಯೇ ಓದಬೇಕು. “ಹೊಂಡ ಇದೆಯೋ ಇಲ್ಲವೋ ಅನ್ನೂದಲ್ಲ ತಮ್ಮಾ, ನೀರು ಎಷ್ಟು ದಿನ ನಿಂತಿತ್ತು ಅಂತ ಕೇಳು” ಎಂದು ಹಿರಿಯರೊಬ್ಬರು ಅಂದರೆ, ಪ್ರಶ್ನೆಯನ್ನೇ ಬದಲಿಸಲು ಆರು ವಾರ ಉಳಿದಿರುತ್ತವೆ. ಎಂಟನೆಯ ವಾರದಲ್ಲಿ ಆ ಮಾತು ಕೇಳಿ ಪ್ರಯೋಜನವಿಲ್ಲ. ಯಾರು ಏನು ಮಾಡಿದರೆಂಬುದೂ ಪ್ರತಿ ಸುತ್ತಿಗೆ ಬಯಲಾಗುವುದರಿಂದ ಒಬ್ಬನ ಹೆಗಲಿಗೇ ಹೊರೆ ಬೀಳದು.

ಆಕ್ಷೇಪಗಳೂ ಇವೆ. ಸಭೆಗಳು ಹೆಚ್ಚಿ ಓದು ಸೊರಗಬಾರದು. ಗಹನವಾದ ಗ್ರಂಥವನ್ನು ಅರಗಿಸಿಕೊಳ್ಳಲು ಹದಿನೈದು ದಿನದ ಗಡುವು ಸಲ್ಲದು. ಅಧ್ಯಾಪಕರ ವೇಳೆಯೂ ಮಿತವಾದುದು. ಆದರೆ ಸುತ್ತಿಗೆ ಒಂದು ತಂಡಕ್ಕೆ ಹತ್ತು ನಿಮಿಷ ಸಾಕು.

ಈ ಹತ್ತು ನಿಮಿಷದ ಬೆಲೆ ಎಲ್ಲರಿಗೂ ಒಂದೇ ಅಲ್ಲ. ಬರೆದುದನ್ನು ಓದಿ ತಿದ್ದುವವರು ಕೆಲವರಿಗೆ ಮನೆಯಲ್ಲೇ ಇದ್ದಾರೆ. ಮನೆತನದಲ್ಲಿ ಮೊದಲು ಕಾಲೇಜಿನ ಮೆಟ್ಟಿಲು ಹತ್ತಿದ ನನ್ನಂಥವರಿಗೆ ಗುರುಗಳಲ್ಲದೆ ಬೇರೆ ಯಾರಿದ್ದಾರೆ? ಅಂಕ ಬಂದ ಮೇಲೆ ತಿಳಿದ ತಪ್ಪನ್ನು ತಿದ್ದುವ ಅವಕಾಶವಿರುವುದಿಲ್ಲ. ಬರುವ ವರ್ಷ ಒಂದು ತರಗತಿಯಲ್ಲಾದರೂ ಈ ಪದ್ಧತಿಯನ್ನು ಪ್ರಯೋಗಿಸಿ ನೋಡಬೇಕೆಂದು ಗುರುಗಳಲ್ಲಿ ನನ್ನ ನಮ್ರ ವಿನಂತಿ.