ಶಾಲೆಯ ಹೊರಗಣ ವಿದ್ಯೆ: ನಮ್ಮ ಹೊಲಗಳ ವೀರಗಲ್ಲುಗಳು



ಪ್ರತಿವರ್ಷವೂ ಶಾಲೆಯ ವರದಿಯಲ್ಲಿ ಪಠ್ಯೇತರ ಚಟುವಟಿಕೆಗಳೆಂಬ ಒಂದು ಭಾಗವಿರುತ್ತದೆ. ಓಟದಲ್ಲಿ ಗೆದ್ದವರು, ಭಾಷಣದಲ್ಲಿ ಬಹುಮಾನ ಪಡೆದವರು, ನಾಟಕದಲ್ಲಿ ಮೆಚ್ಚುಗೆ ಗಳಿಸಿದವರು, ಇವರೆಲ್ಲರ ಹೆಸರುಗಳು ಅಲ್ಲಿ ಸಾಲಾಗಿ ಬರುತ್ತವೆ. ಅದನ್ನು ಓದಿ ತಂದೆತಾಯಿಗಳು ಸಂತೋಷಪಡುವುದು ನ್ಯಾಯವೇ ಸರಿ. ಆದರೂ ಹೈಯರ್ ಸೆಕೆಂಡರಿ ತರಗತಿಗಳಲ್ಲಿ ಓದುವ ನೀವು ನಿಮಗೆ ನೀವೇ ಹಾಕಿಕೊಳ್ಳಬೇಕಾದ ಪ್ರಶ್ನೆಯೊಂದಿದೆ. ನೀವು ಈ ಶಾಲೆಯನ್ನು ಬಿಟ್ಟು ಹೋದ ಮೇಲೆ ನಿಮ್ಮ ಸಾಧನೆಯಲ್ಲಿ ಇತರರ ಉಪಯೋಗಕ್ಕೆ ಉಳಿಯುವುದೇನು? ಈ ಪ್ರಶ್ನೆಗೆ ನಮ್ಮ ಸೀಮೆಯ ಮಕ್ಕಳು ಕೊಡಬಹುದಾದ ಒಂದು ಉತ್ತರವನ್ನು ಈ ಲೇಖನದಲ್ಲಿ ವಿಚಾರಿಸೋಣ.

ತರಗತಿಯ ಹೊರಗಿನ ಕೆಲಸವು ವಿದ್ಯಾಭ್ಯಾಸದ ಅಲಂಕಾರವಲ್ಲ, ಅದರ ಅಂಗವೇ ಆಗಿದೆ ಎಂಬುದನ್ನು ಡಾಕ್ಟರ್ ಎ. ಲಕ್ಷ್ಮಣಸ್ವಾಮಿ ಮೊದಲಿಯಾರರ ಅಧ್ಯಕ್ಷತೆಯ ಮಾಧ್ಯಮಿಕ ಶಿಕ್ಷಣ ಆಯೋಗವು ೧೯೫೨-೫೩ರಷ್ಟು ಹಿಂದೆಯೇ ಒತ್ತಿ ಹೇಳಿತು. ಇಂತಹ ಕೆಲಸಗಳನ್ನು ಸ್ಥೂಲವಾಗಿ ಮೂರು ಬಗೆಯಾಗಿ ವಿಂಗಡಿಸಬಹುದು. ದೇಹವನ್ನೂ ಶಿಸ್ತನ್ನೂ ಬೆಳೆಸುವಂಥವು ಮೊದಲನೆಯ ಬಗೆ. ಆಟಪಾಟಗಳೂ ೧೯೪೮ರಲ್ಲಿ ಸ್ಥಾಪಿತವಾದ ಎನ್.ಸಿ.ಸಿ.ಯೂ ಇದಕ್ಕೆ ಸೇರುತ್ತವೆ. ಸೇವಾಭಾವವನ್ನು ಬೆಳೆಸುವಂಥವು ಎರಡನೆಯ ಬಗೆ. ೧೯೫೦ರಲ್ಲಿ ಒಂದುಗೂಡಿದ ಭಾರತ್ ಸ್ಕೌಟ್ಸ್ ಮತ್ತು ಗೈಡ್ಸ್, ೧೯೬೯ರಲ್ಲಿ ಆರಂಭವಾದ ರಾಷ್ಟ್ರೀಯ ಸೇವಾ ಯೋಜನೆ, ಜೂನಿಯರ್ ರೆಡ್‌ಕ್ರಾಸ್ ಇವು ಈ ಬಗೆಯವು. ಹೊಸ ಜ್ಞಾನವನ್ನು ತಾವೇ ಅರಸಿ ತರುವಂಥವು ಮೂರನೆಯ ಬಗೆ. ಮೊದಲಿನ ಎರಡನ್ನು ನಮ್ಮ ಶಾಲೆಗಳು ಬಲ್ಲವು. ಮೂರನೆಯದು ಮಾತ್ರ ವಿರಳ. ಅದಕ್ಕೆ ಪ್ರಯೋಗಶಾಲೆ ಬೇಕು, ದೊಡ್ಡ ಗ್ರಂಥಾಲಯ ಬೇಕು, ಪಟ್ಟಣದಲ್ಲಿರಬೇಕು ಎಂದು ನಾವು ಭಾವಿಸಿರುವುದೇ ಇದಕ್ಕೆ ಕಾರಣ. ವಾಸ್ತವವಾಗಿ ಅದಕ್ಕೆ ಬೇಕಾದ ಸಾಮಗ್ರಿ ನಮ್ಮ ಊರುಗಳ ಹೊಲದ ಬದುಗಳಲ್ಲಿಯೇ ನಿಂತಿದೆ. ಅವೇ ವೀರಗಲ್ಲುಗಳು.

ನಾವು ವಾಸಿಸುವ ನಾಡಿನ ಚರಿತ್ರೆಯನ್ನು ಮೊದಲು ಸ್ಮರಿಸೋಣ. ೧೭೯೨ರ ಶ್ರೀರಂಗಪಟ್ಟಣದ ಒಪ್ಪಂದದಂತೆ ಟಿಪ್ಪು ಸುಲ್ತಾನನಿಂದ ಇಂಗ್ಲಿಷರ ವಶವಾದ ಬಾರಾಮಹಲ್ ಈ ಪ್ರಾಂತದ ಒಂದು ಭಾಗ. ಬಹುಕಾಲ ಸೇಲಂ ಜಿಲ್ಲೆಗೆ ಸೇರಿದ್ದ ಧರ್ಮಪುರಿ ೧೯೬೫ರ ಅಕ್ಟೋಬರ್ ೨ರಂದು ಬೇರೆ ಜಿಲ್ಲೆಯಾಯಿತು. ಅದರಿಂದ ೨೦೦೪ರಲ್ಲಿ ಕೃಷ್ಣಗಿರಿ ಜಿಲ್ಲೆ ಬೇರ್ಪಟ್ಟು, ಹೊಸೂರು, ಡೆಂಕಣಿಕೋಟೆ, ತಳಿ, ಕೆಲಮಂಗಲ, ಬಾಗಲೂರುಗಳು ಅದಕ್ಕೆ ಸೇರಿದವು. ಆಡಳಿತದ ಗೆರೆಗಳು ಹೀಗೆ ಬದಲಾಗುತ್ತಿದ್ದರೂ ಇಲ್ಲಿಯ ಜನ ಒಂದಕ್ಕಿಂತ ಹೆಚ್ಚು ಭಾಷೆಗಳಲ್ಲಿ ಬಾಳುವುದು ಬದಲಾಗಲಿಲ್ಲ. ಧರ್ಮಪುರಿಯ ಪ್ರಾಚೀನ ನಾಮ ತಗಡೂರು. ಅಲ್ಲಿ ದೊರೆತ ಶಕ ವರ್ಷ ೮೧೫ರ, ಅಂದರೆ ಕ್ರಿ.ಶ. ೮೯೩ರ, ಕನ್ನಡ ಶಾಸನವು ನೊಳಂಬ ಅರಸು ಮಹೇಂದ್ರನ ಕಾಲದ್ದು. ನಿಧಿಯಣ್ಣ ಮತ್ತು ಚಂಡಿಯಣ್ಣ ಎಂಬ ವರ್ತಕ ಸೋದರರು ತಗಡೂರಿನಲ್ಲಿ ಬಸದಿ ಕಟ್ಟಿಸಿದ್ದನ್ನು ಅದು ಹೇಳುತ್ತದೆ. ಇದಕ್ಕೆ ಪ್ರತಿಯಾಗಿ, ೧೩ನೆಯ ಶತಮಾನದ ಕೊನೆಯಲ್ಲಿ ಕುಂದಾಣಿಯಿಂದ ಆಳಿದ ಹೊಯ್ಸಳ ರಾಮನಾಥನು ಕನ್ನಡ ವಂಶದ ಅರಸನಾದರೂ ಅವನ ಕಾಲದ ಶಾಸನಗಳು ಬಹುಮಟ್ಟಿಗೆ ತಮಿಳಿನಲ್ಲಿವೆ. ಆದುದರಿಂದ ಇಲ್ಲಿಯ ಕಲ್ಲುಗಳನ್ನು ಒಂದೇ ಭಾಷೆಯ ಸ್ವತ್ತೆಂದು ಯಾರೂ ಹೇಳಲಾರರು. ಅವುಗಳನ್ನು ಓದಲು ಎರಡು ಭಾಷೆಗಳನ್ನೂ ಬಲ್ಲವರು ಬೇಕು.

ವೀರಗಲ್ಲು ಎಂದರೇನು? ಊರಿನ ದನಗಳನ್ನು ಶತ್ರುಗಳು ಹೊಡೆದುಕೊಂಡು ಹೋಗುವಾಗ ಅಡ್ಡಗಟ್ಟಿ ಮಡಿದವನು, ಹುಲಿಯನ್ನು ಇರಿದು ಸತ್ತವನು, ಒಡೆಯನಿಗಾಗಿ ಯುದ್ಧದಲ್ಲಿ ಬಿದ್ದವನು, ಇಂತಹವರ ನೆನಪಿಗೆ ಊರವರು ನಿಲ್ಲಿಸಿದ ಕಲ್ಲು ಅದು. ತಮಿಳಿನಲ್ಲಿ ಇದನ್ನು ನಡುಕಲ್ ಎನ್ನುತ್ತಾರೆ. ನಮ್ಮ ಕಡೆ ಅನೇಕ ಊರುಗಳಲ್ಲಿ ವೇಡಿಯಪ್ಪನೆಂಬ ಹೆಸರಿನಿಂದ ಪೂಜೆಗೊಳ್ಳುವ ದೇವರು ಇಂತಹ ಕಲ್ಲೇ. ಹಳೆಯ ಕಲ್ಲುಗಳಲ್ಲಿ ಬಿಲ್ಲು ಅಥವಾ ಕತ್ತಿ ಹಿಡಿದ ವೀರನೊಬ್ಬನೇ ಇರುವುದುಂಟು. ತರುವಾಯದ ಕಲ್ಲುಗಳನ್ನು ಸಾಮಾನ್ಯವಾಗಿ ಕೆಳಗಿನಿಂದ ಮೇಲಕ್ಕೆ ಓದಬೇಕು. ಕೆಳಗಿನ ಪಟ್ಟಿಕೆಯಲ್ಲಿ ಹೋರಾಟ. ನಡುವಿನದರಲ್ಲಿ ವೀರನನ್ನು ಎತ್ತಿ ಒಯ್ಯುವ ದೇವಕನ್ಯೆಯರು. ಮೇಲಿನದರಲ್ಲಿ ಶಿವಲಿಂಗದ ಸನ್ನಿಧಿ. ನೆತ್ತಿಯಲ್ಲಿ ಸೂರ್ಯಚಂದ್ರರಿದ್ದರೆ, ಅವರಿರುವ ತನಕ ಈ ಕೀರ್ತಿ ಉಳಿಯಲಿ ಎಂದರ್ಥ. ಬಳೆ ತೊಟ್ಟ ಕೈಯೊಂದು ಮೇಲೆತ್ತಿದಂತೆ ಕೆತ್ತಿದ್ದರೆ ಅದು ಮಾಸ್ತಿಕಲ್ಲು, ಗಂಡನೊಡನೆ ಚಿತೆಯೇರಿದ ಹೆಂಗಸಿನ ಗುರುತು. ಕಲ್ಲಿನ ಗೌರವ ಮನುಷ್ಯರಿಗೆ ಮಾತ್ರ ಸಂದಿತೆಂದು ತಿಳಿಯಬೇಡಿ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ೧೦ನೆಯ ಶತಮಾನದ ನಡುವಿನಲ್ಲಿ ಕಾಳಿ ಎಂಬ ನಾಯಿಗೆ ಸ್ಮಾರಕಶಿಲೆ ನಿಂತಿತು. ಅದು ಕಾಡುಹಂದಿಯೊಡನೆ ಹೋರಾಡಿ ಸತ್ತ ನಾಯಿ.

ಇವೆಲ್ಲವನ್ನೂ ವಿದ್ವಾಂಸರು ಆಗಲೇ ಪಟ್ಟಿಮಾಡಿರುವರಲ್ಲವೇ ಎಂದು ನೀವು ಕೇಳಬಹುದು. ವಿದ್ವಾಂಸರ ಕೆಲಸ ದೊಡ್ಡದೇ. ಬಿ. ಎಲ್. ರೈಸ್ ಅವರು ೧೮೮೬ರಿಂದ ಸುಮಾರು ೨೦ ವರ್ಷಗಳ ಅವಧಿಯಲ್ಲಿ ಎಪಿಗ್ರಾಫಿಯಾ ಕರ್ನಾಟಿಕಾ ಎಂಬ ೧೨ ಸಂಪುಟಗಳನ್ನು ಹೊರತಂದರು. ಆದರೆ ಅವರ ಕ್ಷೇತ್ರ ಮೈಸೂರು ಸಂಸ್ಥಾನವೂ ಕೊಡಗೂ ಮಾತ್ರ. ಆನೇಕಲ್ಲಿನ ಶಾಸನಗಳು ಅದರೊಳಗೆ ಸೇರಿದವು. ಗಡಿಯ ಈಚೆಗಿದ್ದ ಹೊಸೂರಿನವು ಮದರಾಸು ಪ್ರಾಂತದ ಪಾಲಿಗೆ ಉಳಿದವು. ಮದರಾಸು ಪ್ರಾಂತದ ಕನ್ನಡ ಶಾಸನಗಳ ಮೊದಲ ಭಾಗ ೧೯೩೯ರಲ್ಲಿ ಪ್ರಕಟವಾಯಿತು. ೧೯೬೧ರಲ್ಲಿ ಸ್ಥಾಪಿತವಾದ ಈ ರಾಜ್ಯದ ಪ್ರಾಚ್ಯವಸ್ತು ಇಲಾಖೆ ಮುಂದೆ ಚೆಂಗಂ ಮತ್ತು ಧರ್ಮಪುರಿ ಪ್ರದೇಶಗಳ ನಡುಕಲ್ಲುಗಳನ್ನು ಶೋಧಿಸಿತು. ಧರ್ಮಪುರಿಯ ಸರಕಾರಿ ವಸ್ತು ಸಂಗ್ರಹಾಲಯದಲ್ಲಿ ಅವುಗಳ ಒಳ್ಳೆಯ ಸಂಗ್ರಹವಿದೆ. ಇಷ್ಟಾದರೂ ಶಾಸನ ಸಂಪುಟಗಳಿಗೆ ಸೇರುವುದು ಅಕ್ಷರವುಳ್ಳ ಕಲ್ಲು. ಅಕ್ಷರವಿಲ್ಲದೆ ಚಿತ್ರ ಮಾತ್ರವಿರುವ ಕಲ್ಲುಗಳ ಲೆಕ್ಕ ಇಡುವವರು ಊರಿನವರೇ ಆಗಬೇಕು. ಗಣಿಗಾರಿಕೆ, ರಸ್ತೆ, ೧೯೭೦ರ ದಶಕದಿಂದ ಹೊಸೂರಿನ ಸುತ್ತ ಹಬ್ಬಿದ ಕೈಗಾರಿಕೆ, ಮನೆ ನಿವೇಶನಗಳು, ಇವು ನಮಗೆ ಜೀವನೋಪಾಯವನ್ನು ಕೊಟ್ಟಿವೆ; ಆದರೆ ಹೊಲದ ಬದುವನ್ನೂ ಅದರೊಡನೆ ಬದುವಿನ ಕಲ್ಲನ್ನೂ ಕದಲಿಸುತ್ತವೆ. ಕದಲಿದ ಕಲ್ಲು ಎಲ್ಲಿ ನಿಂತಿತ್ತು ಎಂಬುದು ಒಂದು ತಲೆಮಾರಿನಲ್ಲಿ ಮರೆತುಹೋಗುತ್ತದೆ.

ಜನಸಾಮಾನ್ಯರ ಎಚ್ಚರ ಏನು ಮಾಡಬಲ್ಲುದೆಂಬುದಕ್ಕೆ ಎರಡು ನಿದರ್ಶನಗಳನ್ನು ಹೇಳುತ್ತೇನೆ. ೨೦೧೮ರಲ್ಲಿ ಬೆಂಗಳೂರಿನ ಹೆಬ್ಬಾಳದಲ್ಲಿ ಚರಂಡಿಯ ಕೆಲಸ ನಡೆದಾಗ ಒಂದು ವೀರಗಲ್ಲು ಹೊರಬಿದ್ದಿತು. ಅದು ಸುಮಾರು ಕ್ರಿ.ಶ. ೭೫೦ರ ಕನ್ನಡ ಶಾಸನ. ಗಂಗ ಅರಸು ಶ್ರೀಪುರುಷನ ಕಾಲದಲ್ಲಿ ಮಡಿದ ಕಿಟ್ಟಯ್ಯನೆಂಬ ವೀರನ ಸ್ಮಾರಕ. ಇತಿಹಾಸದಲ್ಲಿ ಆಸಕ್ತಿಯುಳ್ಳ ನಾಗರಿಕರು ಅದನ್ನು ಗುರುತಿಸಿದರು. ಊರಿನವರು ಅದಕ್ಕೆ ಮಂಟಪ ಕಟ್ಟಿದರು. ಎರಡನೆಯದು ವಿದ್ಯಾರ್ಥಿಗಳದ್ದೇ ಕೆಲಸ. ರಾಮನಾಥಪುರ ಜಿಲ್ಲೆಯ ತಿರುಪ್ಪುಲ್ಲಾಣಿಯ ಸರಕಾರಿ ಶಾಲೆಯಲ್ಲಿ ತೊನ್ಮೈ ಮನ್ರಂ, ಅಂದರೆ ಪ್ರಾಚೀನತೆಯ ಸಂಘ, ನಡೆದುಬಂದಿತು. ಅದರ ಹುಡುಗ ಹುಡುಗಿಯರು ಹಳೆಯ ತಮಿಳು ಲಿಪಿಗಳನ್ನು ಓದಲು ಕಲಿತು, ತಮ್ಮ ಸುತ್ತಣ ಊರುಗಳ ಪ್ರಾಚೀನ ವಸ್ತುಗಳನ್ನು ಗುರುತಿಸಿದರು. ಅವರಿಗೆ ಕಾಲೇಜಿನ ಪದವಿಯಿರಲಿಲ್ಲ. ನೋಡಿದ್ದನ್ನು ಬರೆದಿಡುವ ಅಭ್ಯಾಸವೂ ಮಾರ್ಗದರ್ಶನ ಮಾಡುವ ಉಪಾಧ್ಯಾಯರೂ ಇದ್ದರು. ಅಷ್ಟು ಸಾಕಾಯಿತು.

ನಮ್ಮ ಮಕ್ಕಳಿಗೆ ಈ ವಿದ್ಯೆಯಲ್ಲಿ ಒಂದು ವಿಶೇಷ ಅನುಕೂಲವಿದೆ. ಕನ್ನಡ ಮಾಧ್ಯಮದಲ್ಲಿ ಓದುತ್ತ ತಮಿಳನ್ನೂ ಕಲಿಯಬೇಕಾದುದು ಹೊರೆಯೆಂದು ನಿಮ್ಮಲ್ಲಿ ಹಲವರು ಭಾವಿಸುತ್ತೀರಿ. ಹೊರೆ ಇರುವುದು ನಿಜ. ಆದರೆ ಹಳಗನ್ನಡದ ಕಲ್ಲಿನ ಮುಂದೆ ನಿಂತಾಗ ಆ ಹೊರೆಯೇ ಕೀಲಿಕೈಯಾಗುತ್ತದೆ. ಹಳಗನ್ನಡದಲ್ಲಿ ಈಗ ಬಳಕೆಯಿಲ್ಲದ ಎರಡು ಅಕ್ಷರಗಳಿದ್ದವು: ಱ ಮತ್ತು ೞ. ನಾವು ಈಗ ಆರು, ಏಳು ಎಂದು ಬರೆಯುವುದನ್ನು ಹಿಂದಿನವರು ಆಱು, ಏೞು ಎಂದು ಬರೆಯುತ್ತಿದ್ದರು. ಆ ಎರಡು ಅಕ್ಷರಗಳು ತಮಿಳಿನಲ್ಲಿ ಇಂದಿಗೂ ಜೀವಂತವಾಗಿವೆ. ತಮಿಳು ತರಗತಿಯಲ್ಲಿ ನೀವು ಅವನ್ನು ದಿನವೂ ಬರೆಯುತ್ತೀರಿ. ಹಾಗೆಯೇ ಹಳಗನ್ನಡದ ಪಕಾರ ಹೊಸಗನ್ನಡದಲ್ಲಿ ಹಕಾರವಾಗಿದೆ. ಪಾಲ್ ಹಾಲಾಯಿತು, ಪುಲಿ ಹುಲಿಯಾಯಿತು. ತಮಿಳಿನಲ್ಲಿ ಇವು ಈಗಲೂ ಪಾಲ್, ಪುಲಿ. ಮೇಲೆ ಹೇಳಿದ ಹೆಬ್ಬಾಳದ ಕಲ್ಲಿನಲ್ಲಿರುವ ನಾಡಿನ ಹೆಸರು ಪೆರ್ಬೊೞಲ್. ದೊಡ್ಡದೆಂಬ ಅರ್ಥದ ಪೆರ್, ಊರೆಂಬ ಅರ್ಥದ ಪೊೞಲ್ ಸೇರಿ ಆದ ಆ ಹೆಸರಿನ ಮೊದಲ ಭಾಗವನ್ನು, ದೊಡ್ಡದಕ್ಕೆ ಪೆರಿಯ ಎನ್ನುವ ತಮಿಳನ್ನು ಬಲ್ಲ ಹುಡುಗನು ಅರಿಯಲು ತಡವಾಗುವುದಿಲ್ಲ. ಕನ್ನಡವನ್ನು ಕಲಿತು ಇಲ್ಲಿ ಏನು ಪ್ರಯೋಜನ ಎಂದು ಕೇಳುವವರು ನಮ್ಮ ಬೀದಿಯಲ್ಲಿಯೂ ಇದ್ದಾರೆ, ಕೆಲವೊಮ್ಮೆ ನಮ್ಮ ಮನೆಯಲ್ಲಿಯೂ ಇದ್ದಾರೆ. ಅವರಿಗೆ ವಾದದಿಂದ ಉತ್ತರ ಹೇಳುವುದಕ್ಕಿಂತ, ಎರಡು ಭಾಷೆಗಳ ಬಲದಿಂದ ಓದಿದ ಒಂದು ಸಾಲನ್ನು ಅವರ ಊರಿನ ಕಲ್ಲಿನ ಮುಂದೆಯೇ ಓದಿ ಹೇಳುವುದು ಮೇಲು.

ಇನ್ನು ಕೆಲಸದ ವಿಧಾನ. ಇದನ್ನು ಗಮನವಿಟ್ಟು ಓದಿರಿ.

೧. ನಾಲ್ವರ ಒಂದು ತಂಡವಾಗಲಿ. ಒಬ್ಬರು ಅಳೆಯಲಿ, ಒಬ್ಬರು ಚಿತ್ರ ಬರೆಯಲಿ, ಒಬ್ಬರು ಅಕ್ಷರ ನೋಡಲಿ, ಒಬ್ಬರು ಹಿರಿಯರನ್ನು ವಿಚಾರಿಸಲಿ. ಉಪಾಧ್ಯಾಯರಿಗೂ ಮನೆಯವರಿಗೂ ತಿಳಿಸದೆ ಹೋಗಬಾರದು.

೨. ಹೊಲದ ಒಡೆಯರ ಒಪ್ಪಿಗೆಯನ್ನು ಮೊದಲು ಕೇಳಿರಿ. ಕಲ್ಲಿಗೆ ಪೂಜೆ ನಡೆಯುತ್ತಿದ್ದರೆ ಪಾದರಕ್ಷೆ ಕಳಚಿ, ಊರಿನ ಪದ್ಧತಿಗೆ ತಕ್ಕಂತೆ ನಡೆದುಕೊಳ್ಳಿರಿ. ಅವರಿಗೆ ಅದು ದೇವರು ಎಂಬುದನ್ನು ಮರೆಯಬೇಡಿ.

೩. ಊರು, ತಾಲ್ಲೂಕು, ಊರಿನಿಂದ ಯಾವ ದಿಕ್ಕಿಗೆ ಎಷ್ಟು ದೂರ ಎಂಬುದನ್ನು ಬರೆಯಿರಿ. ಕಲ್ಲಿನ ಎತ್ತರ, ಅಗಲ, ದಪ್ಪಗಳನ್ನು ಟೇಪಿನಿಂದ ಅಳೆಯಿರಿ. ಮೊಬೈಲು ಫೋನು ತೋರಿಸುವ ಅಕ್ಷಾಂಶ ರೇಖಾಂಶಗಳನ್ನು ಗುರುತುಮಾಡಿಕೊಳ್ಳಿರಿ. ಕಲ್ಲು ಕದಲಿದರೂ ಅದರ ಸ್ಥಳ ಆಗ ಕಳೆದುಹೋಗದು.

೪. ಬೆಳಗಿನ ಅಥವಾ ಸಂಜೆಯ ಓರೆ ಬಿಸಿಲಿನಲ್ಲಿ ಛಾಯಾಚಿತ್ರ ತೆಗೆಯಿರಿ. ನಡುಹಗಲಿನಲ್ಲಿ ಕಾಣದ ಗೆರೆಗಳು ನೆರಳಿನಿಂದಾಗಿ ಆಗ ಎದ್ದು ಕಾಣುತ್ತವೆ. ಕಲ್ಲಿಗೆ ಸೀಮೆಸುಣ್ಣ, ಬಣ್ಣ, ಎಣ್ಣೆಗಳನ್ನು ಎಂದಿಗೂ ಹಚ್ಚಬೇಡಿ. ಉಜ್ಜಬೇಡಿ, ಕೆರೆಯಬೇಡಿ. ಕಾಗದದ ಪಡಿಯಚ್ಚು ತೆಗೆಯುವುದು ತರಬೇತಿ ಪಡೆದವರ ಕೆಲಸ.

೫. ಅಗೆಯಬಾರದು, ಕಲ್ಲನ್ನು ಕದಲಿಸಬಾರದು, ನಾಣ್ಯವೋ ಒಡವೆಯೋ ಕಂಡರೆ ಎತ್ತಿಟ್ಟುಕೊಳ್ಳಬಾರದು. ನೆಲದಲ್ಲಿ ಹುದುಗಿದ್ದು ದೊರೆತ, ೧೦ ರೂಪಾಯಿಗೆ ಮೀರಿದ ಬೆಲೆಯ ನಿಧಿಯನ್ನು ಕಲೆಕ್ಟರರಿಗೆ ತಿಳಿಸಬೇಕೆಂದು ೧೮೭೮ರ ಕಾನೂನು ವಿಧಿಸುತ್ತದೆ.

೬. ಹಿರಿಯರು ಹೇಳುವ ಕಥೆಯನ್ನು ಅವರ ಮಾತಿನಲ್ಲಿಯೇ, ಅವರ ಭಾಷೆಯಲ್ಲಿಯೇ ಬರೆದುಕೊಳ್ಳಿರಿ. ಕಣ್ಣಿನಿಂದ ಕಂಡದ್ದು ಒಂದು ಪುಟದಲ್ಲಿರಲಿ, ಕಿವಿಯಿಂದ ಕೇಳಿದ್ದು ಇನ್ನೊಂದು ಪುಟದಲ್ಲಿರಲಿ. ಓದಲಾಗದ ಅಕ್ಷರದ ಸ್ಥಳದಲ್ಲಿ ಚುಕ್ಕೆ ಇಡಿರಿ, ಊಹಿಸಿ ತುಂಬಬೇಡಿ.

೭. ಬರೆಹದ ಒಂದು ಪ್ರತಿ ಶಾಲೆಯ ಗ್ರಂಥಾಲಯದಲ್ಲಿರಲಿ. ಇನ್ನೊಂದನ್ನು ಜಿಲ್ಲೆಯ ವಸ್ತು ಸಂಗ್ರಹಾಲಯಕ್ಕೋ ಪ್ರಾಚ್ಯವಸ್ತು ಇಲಾಖೆಗೋ ಉಪಾಧ್ಯಾಯರ ಮೂಲಕ ಕಳುಹಿಸಿರಿ.

ಇಷ್ಟೆಲ್ಲ ಮಾಡಿದರೆ ಪರೀಕ್ಷೆಯ ಓದು ಕೆಡುವುದಿಲ್ಲವೇ ಎಂಬ ಶಂಕೆ ತಂದೆತಾಯಿಗಳಿಗೆ ಬರುವುದು ಸಹಜ. ತಿಂಗಳಿಗೆ ಒಂದು ಶನಿವಾರ ಸಾಕು. ಸಾರ್ವಜನಿಕ ಪರೀಕ್ಷೆಯ ತಿಂಗಳುಗಳಲ್ಲಿ ಅದೂ ಬೇಡ. ಆ ಒಂದು ದಿನದಲ್ಲಿ ಅಳತೆಯ ಗಣಿತ, ಶಿಲೆಯ ಭೂಗೋಳ, ಇತಿಹಾಸ, ಎರಡು ಭಾಷೆಗಳ ವ್ಯಾಕರಣ ಇವೆಲ್ಲವೂ ಒಂದೇ ಕಡೆ ಸೇರುತ್ತವೆ. ಅದಕ್ಕಿಂತಲೂ ಹೆಚ್ಚಿನದೆಂದರೆ, ಕಂಡದ್ದನ್ನು ಕಂಡಷ್ಟೇ ಹೇಳುವ ಸತ್ಯನಿಷ್ಠೆ ಅಭ್ಯಾಸವಾಗುತ್ತದೆ. ಮುಂದೆ ನೀವು ವೈದ್ಯರಾಗಿರಿ, ಎಂಜಿನಿಯರಾಗಿರಿ, ಹೊಲ ಉಳುವವರಾಗಿರಿ, ಈ ಗುಣ ಬೇಡವಾಗುವ ವೃತ್ತಿಯೇ ಇಲ್ಲ.

ನಮ್ಮ ಪ್ರಾಂತದ ನೆಲ ಎಷ್ಟು ಪುರಾತನವಾದುದೆಂಬುದು ಈಚೆಗೆ ಲೋಕಕ್ಕೆಲ್ಲ ತಿಳಿಯಿತು. ಕೃಷ್ಣಗಿರಿ ಜಿಲ್ಲೆಯ ಮಯಿಲಾಡುಂಪಾರೈಯಲ್ಲಿ ದೊರೆತ ಕಬ್ಬಿಣದ ಬಳಕೆಯ ಕಾಲ ಕ್ರಿ.ಪೂ. ೨೧೭೨ ಎಂದು ೨೦೨೨ರಲ್ಲಿ ರಾಜ್ಯ ಸರಕಾರ ಪ್ರಕಟಿಸಿತು. ಅಂತಹ ಉತ್ಖನನ ಪರಿಣತರ ಕೆಲಸ. ಬದುವಿನ ಕಲ್ಲನ್ನು ನೋಡಿ ಬರೆದಿಡುವುದು ನಿಮ್ಮ ಕೆಲಸ. ದನಗಳಿಗಾಗಿ, ನೆರೆಯವರಿಗಾಗಿ ಪ್ರಾಣ ಕೊಟ್ಟ ಸಾಮಾನ್ಯ ಮನುಷ್ಯನನ್ನು ಅವನ ಊರು ಕಲ್ಲು ನಿಲ್ಲಿಸಿ ನೆನೆಯಿತು. ಅವನ ಹೆಸರನ್ನು ಓದಬಲ್ಲ ಮಕ್ಕಳು ಅದೇ ಊರಿನಲ್ಲಿ ಇದ್ದೂ ಓದದೆ ಹೋದರೆ ಆ ನೆನಪು ನಮ್ಮ ಕಾಲದಲ್ಲಿ ಮುಗಿಯುತ್ತದೆ.

ಶಾಲೆ ತೆರೆದ ಮೊದಲ ತಿಂಗಳಲ್ಲಿಯೇ ಒಂದು ನೂರು ಪುಟದ ನೋಟುಬುಕ್ಕನ್ನು ಇದಕ್ಕಾಗಿ ಮೀಸಲಿಡಿರಿ. ಮೊದಲ ಪುಟದಲ್ಲಿ ನಿಮ್ಮ ಊರಿನ ಹೆಸರನ್ನು ಕನ್ನಡದಲ್ಲಿಯೂ ತಮಿಳಿನಲ್ಲಿಯೂ ಬರೆಯಿರಿ. ಮುಂದಿನ ಪುಟಗಳನ್ನು ನೀವೂ, ನಿಮ್ಮ ತರುವಾಯ ಈ ಶಾಲೆಗೆ ಬರುವ ತಮ್ಮಂದಿರೂ ತಂಗಿಯರೂ ತುಂಬಲಿ. ಗೆದ್ದ ಬಟ್ಟಲುಗಳ ಪಕ್ಕದಲ್ಲಿ ಆ ಪುಸ್ತಕಕ್ಕೂ ನಮ್ಮ ಕಪಾಟಿನಲ್ಲಿ ಸ್ಥಳವಿದೆ.