ದುಬಾರಿ ಬಿದ್ದದ್ದು ತಾರೀಖು

ಕ್ರಿಸ್‌ಮಸ್ ವಾರದಲ್ಲಿ ಗ್ರಿಂಡೆಲ್‌ವಾಲ್ಡ್‌ಗೆ ಹೋಗೋಣ ಎಂದಾಗ ಹೆಂಡತಿ ಕೇಳಿದ್ದು ಒಂದೇ ಮಾತು: ‘ಯಾಕ್ರೀ, ಜನವರಿಯಲ್ಲಿ ಹಿಮ ಕರಗಿಹೋಗತ್ತಾ?’ ಕರಗುವುದಿಲ್ಲ. ಸ್ವಿಟ್ಜರ್‌ಲೆಂಡಿನ ಆ ಹಳ್ಳಿಯಲ್ಲಿ ಡಿಸೆಂಬರ್ ಕೊನೆಗಿಂತ ಜನವರಿ ನಡುವಿನ ಹಿಮವನ್ನೇ ಹೆಚ್ಚು ನಂಬಬಹುದು, ಬಾಡಿಗೆಯೂ ಇಳಿದಿರುತ್ತದೆ. ಆದರೆ ಮಗಳಿಗೆ ಎಸ್ಸೆಸ್ಸೆಲ್ಸಿ; ಜನವರಿ ಬಂತೆಂದರೆ ಪ್ರಿಪರೇಟರಿ ಪರೀಕ್ಷೆಯ ತಲೆನೋವು. ಮ್ಯೂನಿಕ್‌ನಲ್ಲಿರುವ ತಮ್ಮನ ಮಕ್ಕಳಿಗೂ ಕ್ರಿಸ್‌ಮಸ್‌ನಲ್ಲೇ ರಜೆ. ಗೊತ್ತಿದ್ದೇ ಹೆಚ್ಚು ಹಣ ಕೊಟ್ಟೆ. ಎಷ್ಟು ಹೆಚ್ಚು ಎಂದು ಮಾತ್ರ ಕೂತು ಲೆಕ್ಕ ಹಾಕಿದೆ.

ನಾವು ಹಿಡಿದ ಅಪಾರ್ಟ್‌ಮೆಂಟಿಗೆ ಆ ವಾರದ ಬಾಡಿಗೆ 2,800 ಫ್ರಾಂಕ್. ಅದೇ ಮನೆ, ಅದೇ ಮಂಚ, ಕಿಟಕಿಯಾಚೆ ಅದೇ ಐಗರ್ ಬೆಟ್ಟ. ಜನವರಿ ಮೂರನೇ ವಾರಕ್ಕೆ 1,700. ಫ್ರಾಂಕಿಗೆ ನೂರು ರೂಪಾಯಿ ಎಂದು ಹಿಡಿಯೋಣ (ಈಗಿನ ದರ ಅದಕ್ಕಿಂತ ಮೇಲೆಯೇ ಇದೆ, ಬಾಯಿಲೆಕ್ಕಕ್ಕೆ ನೂರು ಅನುಕೂಲ). ಅಲ್ಲಿಗೆ ವ್ಯತ್ಯಾಸವೇ 1.10 ಲಕ್ಷ ರೂಪಾಯಿ. ಬೆಂಗಳೂರಿನಿಂದ ಜ್ಯೂರಿಕ್‌ಗೆ ವಿಮಾನದ ಟಿಕೆಟ್ ತಲೆಗೆ 25 ಸಾವಿರ ಜಾಸ್ತಿ. ನಾಲ್ವರಿಗೆ ಒಂದು ಲಕ್ಷ. ಒಟ್ಟು 2.10 ಲಕ್ಷ. ನಮ್ಮ ಇಬ್ಬರು ಮಕ್ಕಳ ಸ್ಕೀ ತರಗತಿ ದಿನಕ್ಕೆ ಎರಡು ಗಂಟೆಯಂತೆ ಐದು ದಿನ, ಇಬ್ಬರಿಗೂ ಸೇರಿ ಇಪ್ಪತ್ತು ಗಂಟೆ. ಭಾಗಿಸಿ ನೋಡಿ: ಗಂಟೆಗೆ 10,500 ರೂಪಾಯಿ. ಇದರಲ್ಲಿ ತರಗತಿಯ ಶುಲ್ಕವಿಲ್ಲ, ಸ್ಕೀ ಬಾಡಿಗೆಯಿಲ್ಲ, ಊಟವಿಲ್ಲ. ಇದು ಬರೀ ತಾರೀಖಿನ ಬೆಲೆ. ಅದೇ 2.10 ಲಕ್ಷವನ್ನು ಫಂಡಿನಲ್ಲಿ ಬಿಟ್ಟು ವರ್ಷಕ್ಕೆ ಶೇ 10ರಂತೆ ಬೆಳೆದರೆ ಏಳು ವರ್ಷಕ್ಕೆ ನಾಲ್ಕು ಲಕ್ಷ ದಾಟುತ್ತದೆ. ಮಗಳು ಆಗ ಸ್ನಾತಕೋತ್ತರ ಓದಿಗೆ ಹೊರಟಿರುತ್ತಾಳೆ.

ಇಷ್ಟಾದರೂ ತಾರೀಖು ಬದಲಿಸಲಿಲ್ಲ. ಎರಡು ಮನೆಯ ಮಕ್ಕಳು ಒಂದೇ ಇಳಿಜಾರಿನಲ್ಲಿ ಒಬ್ಬರ ಮೇಲೊಬ್ಬರು ಬಿದ್ದು ನಗುವುದನ್ನು ನೋಡಬೇಕಿತ್ತು, ಅಷ್ಟೇ. ನಿಮಗೆ ಅಂಥ ಕಟ್ಟುಪಾಡು ಇಲ್ಲವೆಂದರೆ ಜನವರಿಗೇ ಹೋಗಿ. ಗ್ರಿಂಡೆಲ್‌ವಾಲ್ಡ್ ಇರುವುದು ಬರೀ 1,034 ಮೀಟರ್ ಎತ್ತರದಲ್ಲಿ. 2022ರ ಡಿಸೆಂಬರ್ ಕೊನೆಯಲ್ಲಿ ಆಲ್ಪ್ಸ್‌ನ ತಗ್ಗಿನ ಇಳಿಜಾರುಗಳೆಷ್ಟೋ ಹಸಿರಾಗಿಯೇ ಉಳಿದಿದ್ದವು. ಆಗ ದುಡ್ಡು ಕೊಟ್ಟು ಹೋದವರು ಹುಲ್ಲು ನೋಡಿ ಬಂದರು.

ಉಳಿತಾಯ ಬೇರೆ ಕಡೆ ಮಾಡಿದೆವು. ಮೊದಲ ಸಲ ಕಲಿಯುವವರಿಗೆ ಇಡೀ ಪ್ರದೇಶದ ಸ್ಕೀ ಪಾಸ್ ದಂಡ. ಹಳ್ಳಿಯಲ್ಲೇ ಬೋಡ್ಮಿ ಎಂಬ ಕಲಿಕೆಯ ಇಳಿಜಾರಿದೆ. ಒಂದೇ ಊರಿನಲ್ಲಿ ಕೂರುವವರಿಗೆ ಸ್ವಿಸ್ ಟ್ರಾವೆಲ್ ಪಾಸ್ ಕೂಡ ಬೇಡ, ಹಾಫ್ ಫೇರ್ ಕಾರ್ಡ್ ಸಾಕು. ಅಡುಗೆ ನಮ್ಮದೇ. ಅಕ್ಕಿ, ಚಟ್ನಿಪುಡಿ, ಗೊಜ್ಜವಲಕ್ಕಿ ಒಯ್ಯಬಹುದು. ತುಪ್ಪ ಮನೆಯಲ್ಲೇ ಇರಲಿ, ಭಾರತದಿಂದ ಹಾಲಿನ ಪದಾರ್ಥ ತರಲು ಅಲ್ಲಿ ಬಿಡುವುದಿಲ್ಲ. ಕಾರ್ಡ್ ಉಜ್ಜುವಾಗ ಯಂತ್ರ ರೂಪಾಯಿಯೋ ಫ್ರಾಂಕೋ ಎಂದು ಕೇಳುತ್ತದೆ. ಫ್ರಾಂಕ್ ಒತ್ತಿ.

ಪ್ರವಾಸವನ್ನು ಇಎಂಐ ಮೇಲೆ ಮಾಡುವವರ ಬಗ್ಗೆ ನನಗೆ ಸಿಟ್ಟಿಲ್ಲ, ಬೇಸರವಿದೆ. ಚಿನ್ನಕ್ಕೆ ಚೀಟಿ ಕಟ್ಟುತ್ತೇವೆ, ಮದುವೆಗೆ ಹತ್ತು ವರ್ಷ ಮೊದಲೇ ಕೂಡಿಡುತ್ತೇವೆ. ರಜೆಯ ವಿಷಯ ಬಂದಾಗ ಮಾತ್ರ ಮೊದಲು ಫೋಟೊ, ಆಮೇಲೆ ಕಂತು. ಮಾರ್ಚ್‌ನಲ್ಲೂ ಡಿಸೆಂಬರಿನ ಹಿಮಕ್ಕೆ ಬಡ್ಡಿ ಕಟ್ಟುವುದು ಯಾವ ಸುಖ? ಒಂದೂವರೆ ವರ್ಷ ಮೊದಲು ಆರ್‌ಡಿ ಶುರು ಮಾಡಿ. ಕಂತು ಕಟ್ಟುವುದು ಕಷ್ಟವೆನಿಸಿದರೆ ಆ ಪ್ರವಾಸ ನಿಮ್ಮ ಕೈಗೆ ಮೀರಿದ್ದು ಎಂದು ಹೊರಡುವ ಮೊದಲೇ ಗೊತ್ತಾಗುತ್ತದೆ.

ಇನ್ನು ವಿಮೆ. ಸ್ಕೀ ಬಾಡಿಗೆ ಅಂಗಡಿಯವನು ಎತ್ತರ, ವಯಸ್ಸು, ತೂಕ ಕೇಳುತ್ತಾನೆ. ಅದರ ಪ್ರಕಾರ ಸ್ಕ್ರೂಡ್ರೈವರ್ ಹಿಡಿದು ಬೈಂಡಿಂಗಿನ ಬಿಗಿ ತಿರುಗಿಸುತ್ತಾನೆ. ಬಿದ್ದಾಗ ಬೂಟು ಕಳಚಿಕೊಳ್ಳಬೇಕು, ಇಲ್ಲದಿದ್ದರೆ ಮೊಣಕಾಲು ತಿರುಚಿಕೊಳ್ಳುತ್ತದೆ. ಹೆಂಡತಿ ನಾಲ್ಕು ಕಿಲೊ ಇಳಿಸಿ ಹೇಳಿದಳು. ನಾನು ತಿದ್ದಿ ದಿನವಿಡೀ ಮಾತು ಕೇಳಿಸಿಕೊಂಡೆ. ಮೊಣಕಾಲಿನ ಬಗ್ಗೆ ಅಂಗಡಿಯವನಿಗೆ ಇದ್ದ ಕಾಳಜಿಯ ಕಾಲುಭಾಗವೂ ನಮ್ಮ ಊರಿನ ವಿಮಾ ಏಜೆಂಟನಿಗೆ ಇರಲಿಲ್ಲ. ಷೆಂಗೆನ್ ವೀಸಾಕ್ಕೆ 30,000 ಯೂರೊ ವೈದ್ಯಕೀಯ ರಕ್ಷಣೆ ಕಡ್ಡಾಯ. ಅಷ್ಟಕ್ಕೆ ಸರಿಹೊಂದುವ ಅಗ್ಗದ ಪಾಲಿಸಿ ಹಿಡಿದು ಬಂದಿದ್ದ. ಅನ್ವಯಿಸದ ಸಂಗತಿಗಳ ಪಟ್ಟಿಯಲ್ಲಿ ಸಾಹಸ ಕ್ರೀಡೆ ಎಂದು ಸ್ಪಷ್ಟವಾಗಿತ್ತು. ತೋರಿಸಿದರೆ, ‘ಸಾರ್, ಎಲ್ಲರೂ ಇದನ್ನೇ ತಗೊಳ್ತಾರೆ, ವೀಸಾ ಆಗತ್ತೆ’ ಎಂದ. ವೀಸಾ ಆಗುತ್ತದೆ, ನಿಜ. ಕಾಲು ಮುರಿದಾಗ ಹೆಲಿಕಾಪ್ಟರ್ ಬಿಲ್ಲಿಗೆ ವೀಸಾ ತೋರಿಸುವುದೇ? ಇದನ್ನು ವಿಮೆ ಎಂದು ಮಾರಬಾರದು. ಅರ್ಜಿಗೆ ಲಗತ್ತಿಸುವ ಕಾಗದ ಎಂದು ಮಾರಲಿ.

ಅದನ್ನು ವಾಪಸ್ ಕಳಿಸಿ, ಚಳಿಗಾಲದ ಕ್ರೀಡೆ ಸೇರಿರುವ ಪಾಲಿಸಿ ಕೊಂಡೆವು. ಪ್ರೀಮಿಯಂ ಹೆಚ್ಚೂಕಮ್ಮಿ ದುಪ್ಪಟ್ಟಾಯಿತು, ಆದರೂ ತಾರೀಖಿಗೆ ತೆತ್ತದ್ದರ ಮುಂದೆ ಅದು ಚಿಲ್ಲರೆ. ನೀವು ಹೊರಡುವವರಾದರೆ ಏಜೆಂಟನ ಮಾತು ಬಿಡಿ, ಪಾಲಿಸಿಯ ಹೊರಗಿಟ್ಟ ಸಂಗತಿಗಳ ಪುಟವನ್ನು ನೀವೇ ಓದಿ. ಸ್ಕೀ ಸೇರಿದೆ ಎಂದು ಬರಹದಲ್ಲಿ ಸಿಗುವವರೆಗೆ ಹಣ ಕಟ್ಟಬೇಡಿ.