ಗಣಕಜಾಲದ ಕಾವಲು ಎಲ್ಲಿರಬೇಕು?

ಗದಗ ಸೀಮೆಯ ಹಳೆಯ ಹಳ್ಳಿಗಳಿಗೆ ಅಗಸಿಯೇ ಹೆಬ್ಬಾಗಿಲು. ಧಾನ್ಯವಾದರೋ ಊರೊಳಗಿನ ಹಗೇವುಗಳಲ್ಲಿರುತ್ತಿತ್ತು. ಅಗಸಿಯಲ್ಲಿ ನಿಂತ ಕಾವಲುಗಾರನಿಗೆ ಹೊರಗಿನಿಂದ ಬರುವವರು ಕಾಣುವರು. ಊರೊಳಗಿದ್ದೇ ಹಗೇವಿಗೆ ಕೈಹಾಕುವವನು ಕಾಣನು. ಗಣಕಜಾಲಕ್ಕೂ ಇದೇ ನ್ಯಾಯ ಅನ್ವಯಿಸುತ್ತದೆ.

ಜಾಲದ ಕಾವಲುಗಾರನಿಗೆ ಸಂವೇದಕವೆಂದು ಹೆಸರು. ತನ್ನೆದುರು ಹಾದುಹೋಗುವ ಸಂದೇಶಗಳನ್ನು ಅದು ಪರೀಕ್ಷಿಸಿ, ಸಂದೇಹಾಸ್ಪದವಾದುದು ಕಂಡೊಡನೆ ಎಚ್ಚರಿಕೆ ನೀಡುತ್ತದೆ. ತನ್ನ ಮುಂದೆ ಹಾಯದುದನ್ನು ಎಂಥ ಉತ್ತಮ ಸಂವೇದಕವೂ ಕಾಣಲಾರದು. ಆದುದರಿಂದ ಅದನ್ನಿಡುವ ಸ್ಥಾನವೇ ಮುಖ್ಯ. ಅಂಥ ಮೂರು ಸ್ಥಾನಗಳನ್ನು ಪರಿಶೀಲಿಸೋಣ.

ಮೊದಲನೆಯದು, ಫೈರ್‌ವಾಲ್ ಎಂಬ ರಕ್ಷಣಾ ಗೋಡೆಯ ಹೊರಗೆ. ಇಲ್ಲಿ ಆಕ್ರಮಣದ ಪ್ರಯತ್ನಗಳೆಲ್ಲವೂ ಗೋಚರಿಸುತ್ತವೆ. ಆದರೆ ಬಹುಪಾಲು ಗೋಡೆಗೆ ತಾಗಿ ನಿಂತುಹೋಗುವಂಥವು. ಎಚ್ಚರಿಕೆಗಳ ಮಹಾಪೂರದಲ್ಲಿ ನಿಜವಾದ ಅಪಾಯ ಮರೆಯಾಗಬಹುದು. ಎರಡನೆಯದು, ಗೋಡೆಯ ಒಳಮಗ್ಗುಲು. ಗೋಡೆಯನ್ನು ದಾಟಿ ಬಂದುದೂ ಒಳಗಿನಿಂದ ಹೊರಗೆ ಸಾಗುವುದೂ ಇಲ್ಲಿ ಕಾಣುತ್ತವೆ. ಮೂರನೆಯದು, ದಾಖಲೆಗಳಿರುವ ಸರ್ವರ್‌ಗಳ ಬಳಿ. ಸಿಬ್ಬಂದಿಯೊಬ್ಬರ ಪೆನ್‌ಡ್ರೈವಿನಿಂದ ಒಳಸೇರಿ, ಒಂದು ಗಣಕದಿಂದ ಸರ್ವರಿಗೆ ಹರಿಯುವ ಉಪದ್ರವ ಗೋಡೆಯ ಹತ್ತಿರವೇ ಸುಳಿಯದು. ಅದನ್ನು ಹಿಡಿಯುವುದು ಈ ಕಾವಲೇ.

ಇನ್ನೊಂದು ಸೂಕ್ಷ್ಮವುಂಟು. ಸ್ವಿಚ್ ಎಂಬ ಸಾಧನವು ಸಾಮಾನ್ಯವಾಗಿ ಪ್ರತಿಯೊಂದು ಸಂದೇಶವನ್ನೂ ಅದರ ವಿಳಾಸಕ್ಕಷ್ಟೇ ಕಳುಹಿಸುತ್ತದೆ. ಅದಕ್ಕೆ ಸುಮ್ಮನೆ ತಂತಿ ಜೋಡಿಸಿದ ಸಂವೇದಕ ಕುರುಡಾಗಿಯೇ ಉಳಿಯುತ್ತದೆ. ಸಂದೇಶಗಳ ಪ್ರತಿ ಅದರ ಕಡೆಗೂ ಹರಿಯುವಂತೆ ಸ್ವಿಚ್ಚಿನಲ್ಲಿ ಏರ್ಪಾಡು ಮಾಡಬೇಕು. ಗೂಢಲಿಪಿಯ ಸಂದೇಶವನ್ನಂತೂ ನಡುದಾರಿಯಲ್ಲಿ ಓದಲಾಗದು. ಅದಕ್ಕೆ ಸರ್ವರಿನೊಳಗೇ ಕಾವಲಿನ ತಂತ್ರಾಂಶವಿರಬೇಕು.

ಇದು ದೊಡ್ಡ ನಗರಗಳ ಚಿಂತೆ ಮಾತ್ರವೆಂದು ಭಾವಿಸಲಾಗದು. ಲಕ್ಷ್ಮೇಶ್ವರದ ಸಮೀಪದ ಬಾಳೆಹೊಸೂರಿನಂಥ ಊರಿನ ರೈತನ ಪಹಣಿಯೂ ಬ್ಯಾಂಕಿನ ಲೆಕ್ಕವೂ ಇಂದು ದೂರದ ಸರ್ವರ್‌ಗಳಲ್ಲಿವೆ. 2019ರಲ್ಲಿ ಕರ್ನಾಟಕ ಸರ್ಕಾರದ ಇ-ಪ್ರೊಕ್ಯೂರ್‌ಮೆಂಟ್ ಜಾಲತಾಣಕ್ಕೆ ಕನ್ನ ಹಾಕಿ, ಗುತ್ತಿಗೆದಾರರ ಠೇವಣಿಯಲ್ಲಿ ಸುಮಾರು 11.5 ಕೋಟಿ ರೂಪಾಯಿಗಳನ್ನು ಅನ್ಯರ ಖಾತೆಗಳಿಗೆ ಸಾಗಿಸಲಾಯಿತು. ಸಾರ್ವಜನಿಕರಿಗಾಗಿ ತೆರೆದ ಬಾಗಿಲನ್ನು ಮುಚ್ಚಿಡಲು ಬಾರದು. ಅಂಥ ಕಡೆ ಹಣ ಮರುಪಾವತಿಯ ಆಜ್ಞೆ ಹೊರಡುವ ಸ್ಥಳದಲ್ಲಿಯೂ ಕಾವಲು ಅವಶ್ಯ.

ಹಾಗಾದರೆ ಒಂದೇ ಸಂವೇದಕವಿದ್ದರೆ ಎಲ್ಲಿಡಬೇಕು? ಮೊದಲು ಕಾಯಬೇಕಾದ ವಸ್ತು ಯಾವುದೆಂದು ಗೊತ್ತುಮಾಡಿಕೊಳ್ಳಬೇಕು. ಬಳಿಕ ಅದನ್ನು ಮುಟ್ಟುವ ದಾರಿಗಳನ್ನೆಲ್ಲ ಕಾಗದದ ಮೇಲೆ ಬರೆದು ನೋಡಬೇಕು. ಹೆಚ್ಚು ದಾರಿಗಳು ಕೂಡುವ ಒಳಗಿನ ಸ್ಥಳವೇ ಅದಕ್ಕೆ ತಕ್ಕ ನೆಲೆ. ವಿದ್ಯಾರ್ಥಿಗಳು ತಮ್ಮ ಶಾಲೆಯ ಗಣಕ ಕೊಠಡಿಯ ನಕ್ಷೆ ಬರೆದು ಈ ಲೆಕ್ಕವನ್ನು ತಾವೇ ಮಾಡಿ ನೋಡಬಹುದು.